ಕುಂಕುಮ ಹಚ್ಚಿದ ಕೀಬೋರ್ಡು

ಚಹಾ ಒಂದು ಗುಟುಕು ಕುಡಿದ ಕಮಲಾಕ್ಷಿ ಮುಖ ಸಿಂಡರಿಸಿ ಕಪ್ಪು ಕೆಳಗಿಟ್ಟಳು. ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ಟಕಟಕನೆ ಬಡಿದಳು. ಎದುರಿನ ಗೋಡೆಯ ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಬಂದವು: "ಉಪ್ಪಿನ ಡಬ್ಬಿ ಯಾವುದು ಸಕ್ಕರಿ ಡಬ್ಬಿ ಯಾವುದು ಅಂತ ಮೂವತ್ತೈದು ವರ್ಷ ಆದ್ರೂ ನಿಮಗ ತಿಳೀಲಿಲ್ಲ. ನಾಳೆ ನಾ ಸತ್ತರ ನಿಮ್ಮ"

ಅಲ್ಲಿಗೆ ನಿಂತಿತು. ಟಕ್ ಎನ್ನಬೇಕಾದ ಕೀ ಪಿಚ್ ಎಂದಿತು. ಅವಳು ಅದನ್ನೇ ಮೂರು ನಾಲ್ಕು ಸಲ ಒತ್ತಿದಳು. ಏನೂ ಬರಲಿಲ್ಲ.

"ನೀ ಸತ್ತರ ನನ್ನ ಗತಿ ಏನಂತ ಹೇಳಿ ಮುಗಸು, ಕೇಳಾಕ ಕಿವಿ ತೆರಕೊಂಡ ಕುಂತೀನಿ" ಎಂದು ಗಂಡ ಮಾನಪ್ಪ ನಕ್ಕ. ನಗುತ್ತಲೇ ಎಣಿಸಿದ. ಸತ್ತ ಕೀಗಳಲ್ಲಿ ಇದು ಒಂಬತ್ತನೆಯದು. ಹೊಸದಾಗಿ ಉಪ್ಪು ಹಾಕದ ಚಹಾ ಮಾಡಲು ಎದ್ದವನ ನಗು ಒಲೆ ಮುಟ್ಟುವಷ್ಟರಲ್ಲಿ ಆರಿಹೋಗಿತ್ತು.

ಆ ಕಾಲದಲ್ಲಿ ಬೆರಳಿನಿಂದ ಒತ್ತುವ ಯಂತ್ರ ಯಾರ ಮನೆಯಲ್ಲೂ ಬಳಕೆಯಲ್ಲಿರಲಿಲ್ಲ. ಹುಟ್ಟಿದ ಮಕ್ಕಳಿಗೆ ಉಡಿದಾರ ಕಟ್ಟಿದ ಹಾಗೆ ಕೊರಳಿಗೊಂದು ಪಟ್ಟಿ ಕಟ್ಟುತ್ತಿದ್ದರು. ಮಾತಾಡಬೇಕೆಂದು ಮನಸ್ಸು ಮಾಡಿದಾಗ, ಬಾಯಿ ತೆರೆಯುವ ಮೊದಲೇ ಗಂಟಲಿನ ಸ್ನಾಯುಗಳು ಸಣ್ಣಗೆ ಅದುರುತ್ತವೆ. ಪಟ್ಟಿ ಆ ಅದುರನ್ನು ಓದಿ ಮಾತು ಮಾಡಿ ಬಾಗಿಲಿಗೆ, ಒಲೆಗೆ, ಬಸ್ಸಿಗೆ, ಕಚೇರಿಗೆ ಮುಟ್ಟಿಸುತ್ತಿತ್ತು. ಕೀಬೋರ್ಡು ತಯಾರಾಗುವುದು ನಿಂತೇ ನಲವತ್ತು ವರ್ಷ ದಾಟಿತ್ತು. ಮಾನಪ್ಪ ಪತ್ತಾರನ ಹೊಟ್ಟೆಪಾಡೂ ಪಟ್ಟಿಯಿಂದಲೇ. ಬೆಟಗೇರಿಯಲ್ಲಿ ಅವನದೊಂದು ರಿಪೇರಿ ಅಂಗಡಿ. ಅವನಜ್ಜ ಕೊರಳಿಗೆ ಚಿನ್ನದ ಸರ ಮಾಡುತ್ತಿದ್ದ, ಮೊಮ್ಮಗ ಕೊರಳಪಟ್ಟಿ ದುರಸ್ತಿ ಮಾಡುತ್ತಿದ್ದ. ಕಸುಬು ಕೊರಳು ಬಿಟ್ಟು ಹೋಗಿಲ್ಲ ಎಂದು ಕಮಲಾಕ್ಷಿ ಹಿಂದೆ ಚೇಷ್ಟೆ ಮಾಡುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಕಾಲು ಉಳಿದವು, ಮಾತು ಹೋಯಿತು. ನೀರು ಬೇಕೆಂದು ಅವಳು ಮನಸ್ಸು ಮಾಡಿದರೆ ಪಟ್ಟಿ "ಬಿಸಿಲು, ಬಿಸಿಲು, ಚಮಚ" ಎನ್ನುತ್ತಿತ್ತು. ಬಾಗಿಲು ತೆರೆಯುತ್ತಿರಲಿಲ್ಲ, ಒಲೆ ಹೊತ್ತುತ್ತಿರಲಿಲ್ಲ. ಪಟ್ಟಿಗೆ ಸಿಗದ ಮನುಷ್ಯ ಆ ಕಾಲದಲ್ಲಿ ಲೆಕ್ಕಕ್ಕಿಲ್ಲದ ಮನುಷ್ಯ.

ಹೀಗಿರುವಾಗ ಒಂದು ದಿನ ಮಾನಪ್ಪ ಅಟ್ಟದ ಸಾಮಾನು ಬಿಸಿಲಿಗೆ ಹಾಕಿದ್ದ. ಅದರಲ್ಲಿ ಅವಳ ಹಳೆಯ ಕೀಬೋರ್ಡೂ ಇತ್ತು. ಕಮಲಾಕ್ಷಿ ಇಪ್ಪತ್ತಾರು ವರ್ಷ ಹಂಚಿನಾಳ ಪ್ರೆಸ್ಸಿನಲ್ಲಿ ಕಂಪೋಸಿಂಗ್ ಮಾಡಿದವಳು. ಊರೆಲ್ಲ ಪಟ್ಟಿ ಕಟ್ಟಿಕೊಂಡರೂ ಹಂಚಿನಾಳ ಸಾವಕಾರರು ಲಗ್ನಪತ್ರಿಕೆಗೆ ಮಾತ್ರ ಕೀಬೋರ್ಡೇ ಆಗಬೇಕೆಂದು ಹಟ ಹಿಡಿದಿದ್ದರು. ಪಟ್ಟಿ ತನ್ನ ಜಾಣತನ ತೋರಿಸಿ ಬೀಗರ ಹೆಸರು ತಿದ್ದುತ್ತದೆ, ಬೀಗರ ಹೆಸರು ತಪ್ಪಿದರೆ ಲಗ್ನವೇ ಮುರಿಯುತ್ತದೆ ಎಂಬುದು ಅವರ ವಾದ. ಪ್ರೆಸ್ಸು ಮುಚ್ಚಿದ ದಿನ ಆ ಕೀಬೋರ್ಡನ್ನು ಸೀರೆಯ ಜೊತೆ ಉಡಿ ತುಂಬಿ ಕೊಟ್ಟಿದ್ದರು. ಅಂಗಳದಲ್ಲಿ ಅದನ್ನು ಕಂಡ ಕಮಲಾಕ್ಷಿ ಹೋಗಿ ಕುಳಿತಳು. ಬೆರಳುಗಳು ತಾವೇ ಓಡಿದವು. ಮಾನಪ್ಪನಿಗೆ ಏನೋ ಹೊಳೆದು ಅಂಗಡಿಯಿಂದ ತಂತಿ ತಂದು ಪರದೆಗೆ ಜೋಡಿಸಿದ. ಮೊದಲು ಬಂದ ವಾಕ್ಯ: "ಮಂದಿ ಮುಂದ ನನ್ನ ಸಣ್ಣ ಕೂಸಿನಂಗ ಮಾತಾಡಿಸಬ್ಯಾಡ್ರಿ, ನಾಚಿಕಿ ಬರತೈತಿ."

ಮಾನಪ್ಪ ಅಂಗಳದಲ್ಲೇ ಕುಳಿತು ಗಳಗಳ ಅತ್ತಿದ್ದ.

ಧಾರವಾಡದ ಮಾತಿನ ಪ್ರಯೋಗಾಲಯದಲ್ಲಿ ಡಾಕ್ಟರ್ ಪರಿಮಳಾ ಜಾಲಿಹಾಳ ಅವಳ ತಲೆಗೆ ತಂತಿಯ ಟೊಪ್ಪಿಗೆ ಹಾಕಿ, ಮುಂದೆ ಕೀಬೋರ್ಡಿಟ್ಟು ನೋಡಿದರು. "ಅರ್ಥದಿಂದ ಬಾಯಿಗೆ ಹೋಗೋ ದಾರಿ ಸುಟ್ಟು ಹೋಗ್ಯದ. ಬೆರಳಿಗೆ ಹೋಗೋದು ಮಾತ್ರ ಉಳದದ. ಇಪ್ಪತ್ತಾರು ವರ್ಷ ತುಳಿದು ಮಾಡಿದ ಕಾಲ್ದಾರಿ ಅದು" ಎಂದಿದ್ದರು. ಗಾಜಿನ ಮೇಲೆ ಕೀಗಳ ಚಿತ್ರ ಮೂಡಿಸಿ ಕೊಟ್ಟರೆ ಅವಳ ಬೆರಳು ಅಲ್ಲಾಡಲಿಲ್ಲ. ಪ್ರಯೋಗಾಲಯದವರು ಹೊಸದಾಗಿ ಆರು ಸ್ವಿಚ್ಚು ಮಾಡಿ ಕೊಟ್ಟರು. ಅವಕ್ಕೂ ಬೆರಳು ಒಲಿಯಲಿಲ್ಲ. ಆ ಹಳೆಯ ಸ್ಪ್ರಿಂಗಿನದೇ ಭಾರ, ಆ ಹಳೆಯ ಟಕ್ ಎಂಬುದೇ ಸದ್ದು ಬೆರಳಿಗೆ ಬೇಕಿತ್ತು. ಅದು ಸಿಕ್ಕರೆ ಕಮಲಾಕ್ಷಿ ಬೈಯುತ್ತಿದ್ದಳು, ನಗಿಸುತ್ತಿದ್ದಳು, ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕೆಂದು ಹೇಳುತ್ತಿದ್ದಳು. ಸಿಗದಿದ್ದರೆ ಅವಳು ಇಲ್ಲ.

ಒಂಬತ್ತನೆಯ ಕೀ ಸತ್ತ ವಾರದಲ್ಲೇ ಅರಿವು ಮಂಡಳಿಯ ನೋಟೀಸು ಬಂತು. ಪಟ್ಟಿಗೆ ಸಿಗದವರು ಎರಡು ವರ್ಷಕ್ಕೊಮ್ಮೆ ಮಂಡಳಿಯ ಮುಂದೆ ಕುಳಿತು, ಯಾರ ನೆರವೂ ಇಲ್ಲದೆ, ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಕೊಟ್ಟರೆ ಮನೆ. ಕೊಡದಿದ್ದರೆ ಅರಿವಿಲ್ಲದವರು ಎಂದು ಬರೆದು ಸರಕಾರದ ಪಾಲನಾಲಯಕ್ಕೆ ಒಯ್ಯುತ್ತಾರೆ, ಮನೆಯವರು ತಿಂಗಳಿಗೊಮ್ಮೆ ಹೋಗಿ ನೋಡಿ ಬರಬಹುದು. ಕಮಲಾಕ್ಷಿಯ ಸರದಿ ಕಾರ್ತಿಕದ ಮೊದಲ ಸೋಮವಾರ. ಆಗಿನ್ನೂ ವೈಶಾಖ.

"ಆರು ತಿಂಗಳು ಐತ್ರಿ. ಅಷ್ಟರಾಗ ಎಲ್ಲಾ ಕೀ ಹೊಸಾವು ಮಾಡಿ ಕೊಡತೀನಿ" ಎಂದ ಮಾನಪ್ಪ, ಪ್ರಯೋಗಾಲಯದಲ್ಲಿ.

ಡಾಕ್ಟರು ಕನ್ನಡಕ ತೆಗೆದರು. "ಮಾನಪ್ಪನವರ, ರಿಪೇರಿ ನಿಮಗ ಬಿಟ್ಟದ್ದು. ಆದ್ರ ಒಂದು ಮಾತು. ಎಷ್ಟ ಕೀ ಇರ್ತಾವೋ ಅಷ್ಟರ ಮ್ಯಾಲೆ ಅವರನ್ನ ದಿನಾ ಕೂಡಸ್ರಿ. ಅರ್ಧ ಶಬ್ದ ಬರಲಿ, ತಪ್ಪು ಬರಲಿ. ಕಾಲ್ದಾರಿ ತುಳಿಯೋದು ನಿಂತರ ಹುಲ್ಲು ಬೆಳೀತದ."

ಮಾನಪ್ಪ ತಲೆಯಾಡಿಸಿದ. ಕೇಳಿಸಿಕೊಂಡಿದ್ದ, ಮನಸ್ಸಿಗೆ ತಂದುಕೊಂಡಿರಲಿಲ್ಲ.

ಮರುದಿನ ಮುಂಜಾನೆ ಅಂಗಡಿಯಲ್ಲಿ ಸತ್ತ ಕೀಯ ಟೊಪ್ಪಿಗೆ ಎಬ್ಬಿಸಿ ಒಳಗಿನ ಸ್ವಿಚ್ಚು ಬಿಚ್ಚಿದ. ಸಣ್ಣ ಡಬ್ಬಿಯಂಥದ್ದು. ಒಳಗೊಂದು ಸ್ಪ್ರಿಂಗು, ಎರಡು ತಾಮ್ರದ ಎಲೆಗಳು. ಒತ್ತಿದಾಗ ಎಲೆಗೆ ಎಲೆ ತಾಗಿದರೆ ಅಕ್ಷರ. ಭೂತಗನ್ನಡಿ ಹಿಡಿದು ನೋಡಿದರೆ ಎಲೆಗಳ ಮೇಲೆ ಹಸಿರು ಕಿಲುಬು, ಕಿಲುಬಿನ ಸುತ್ತ ಕೆಂಪು ಹುಡಿ. ಅವನು ಆ ಹುಡಿಯನ್ನು ಬೆರಳ ತುದಿಗೆ ಹಚ್ಚಿ ಮೂಸಿ ನೋಡಿದ. ಕುಂಕುಮ.

ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು. ಪ್ರತಿ ಮಹಾನವಮಿಗೆ ಖಂಡೆ ಪೂಜೆ ಮಾಡುವಾಗ ತಾನು ಹತಾರಗಳನ್ನೆಲ್ಲ ತೊಳೆದು ಸಾಲಾಗಿಟ್ಟು, ಅವುಗಳ ಜೊತೆ ಕಮಲಾಕ್ಷಿಯ ಕೀಬೋರ್ಡನ್ನೂ, ಅಟ್ಟದಲ್ಲಿದ್ದರೂ ಬಿಡದೆ ಇಳಿಸಿ, ಇಟ್ಟು, ಒಂದೊಂದು ಕೀಗೂ ಮರೆಯದೆ ಕುಂಕುಮ ಹಚ್ಚಿದ್ದು ನೆನಪಾಯಿತು. ಒಂದೇ ಬೊಟ್ಟು ಹಚ್ಚಿದರೆ ಸಾಲದೇ ಎಂದು ಅವಳು ಕೇಳಿದ್ದಳು. ಪತ್ತಾರರ ಮನೆಯಲ್ಲಿ ಹತಾರಕ್ಕೆ ಜಿಪುಣತನ ಮಾಡಬಾರದು ಎಂದು ಅವನೇ ಗದರಿದ್ದ. ಪ್ರೆಸ್ಸಿನಲ್ಲಿದ್ದಾಗ ಸಾವಕಾರರು ಹಚ್ಚಿದ್ದರು, ಆಮೇಲೆ ಇವನು ಹಚ್ಚಿದ. ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡಿದ ಹುಡಿ, ವರ್ಷವರ್ಷವೂ ಬಿರುಕಿನೊಳಗೆ ಇಳಿದು, ಗಾಳಿಯ ತೇವ ಕುಡಿದು, ತಾಮ್ರವನ್ನು ತಿನ್ನುತ್ತ ಕುಳಿತಿತ್ತು. ಇನ್ನೊಂದು ಸ್ವಿಚ್ಚು ಬಿಚ್ಚಿದ, ಮತ್ತೊಂದು ಬಿಚ್ಚಿದ. ಇನ್ನೂ ಬದುಕಿದ್ದ ಕೀಗಳ ಒಳಗೂ ಅದೇ ಕೆಂಪು. ಭಕ್ತಿಯಿಂದ ಹೆಂಡತಿಯ ಬಾಯಿಗೆ ತಾನೇ ಮಣ್ಣು ಹಾಕಿದೆನಲ್ಲ ಎಂದು ಅವನು ಆ ಬೆರಳನ್ನು ಅಂಗಿಗೆ ಉಜ್ಜಿ ಉಜ್ಜಿ ಒರೆಸಿದ.

ಒಂದೊಂದೇ ಕೀ ರಿಪೇರಿ ಮಾಡುತ್ತ ಕುಳಿತರೆ ಮಂಡಳಿಯ ಮುಂದೆಯೇ ಹತ್ತು ಕೀ ಕೈಕೊಡಬಹುದು. ನೂರಾ ನಾಲ್ಕನ್ನೂ ಕಿತ್ತು, ತೊಳೆದು, ಹಾಳಾದದ್ದನ್ನು ಎಸೆದು, ಬೇರೆ ಹುಡುಕಿ ತಂದು ಬೆಸೆಯಬೇಕು. ಮೈಮೇಲಿನ ಒಡವೆ ಮೈಮೇಲೇ ಇಟ್ಟು ಬೆಸೆಯಲಿಕ್ಕೆ ಬರುವುದಿಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದ. ಅರ್ಧಂಬರ್ಧ ಕೆಲಸ ಅವನ ಕೈಗೆ ಒಗ್ಗುತ್ತಲೂ ಇರಲಿಲ್ಲ.

"ಹದಿನೈದು ದಿನ ತಡಕೋ ಕಮಲಾ. ಪೂರ್ತಿ ಬಿಚ್ಚಿ ಚಲೋ ಮಾಡಿ ಕೊಡತೀನಿ" ಎಂದ.

ಅವಳು ಅವನನ್ನೇ ನೋಡಿದಳು. ಆಮೇಲೆ ಉಳಿದ ಕೀಗಳಲ್ಲಿ ಬರುವ ಅಕ್ಷರ ಹುಡುಕಿ ಹುಡುಕಿ ಬಡಿದಳು: "ಬ್ಯಾಡ. ಹಿಂಗ ಇರಲಿ. ಬಂದಷ್ಟು ಬರಲಿ."

"ಬಂದಷ್ಟು ಬರಲಿ ಅಂದ್ರ ಮಂಡಳಿಯವರು ಕೇಳತಾರೇನು? ನಿನ್ನನ್ನ ನನ್ನ ಕೈಯಾಗಿಂದ ಕಸಗೊಂಡ ಹೋಗತಾರ" ಎಂದು ಮಾನಪ್ಪ ಕೀಬೋರ್ಡನ್ನು ಬಗಲಲ್ಲಿಟ್ಟುಕೊಂಡು ಅಂಗಡಿಗೆ ನಡೆದ. ಅವಳು ಹೊಸ್ತಿಲವರೆಗೆ ಬಂದು ನಿಂತಿದ್ದಳು.

ಲಿಂಬೆಹುಳಿಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿದ ಮೇಲೆ ನೂರಾ ನಾಲ್ಕರಲ್ಲಿ ಇಪ್ಪತ್ತೆರಡು ಸ್ವಿಚ್ಚು ಉಳಿದವು. ಮಿಕ್ಕವುಗಳ ಎಲೆ ಮುಟ್ಟಿದರೆ ಪುಡಿ. ಕನ್ನಡ ಬರೆಯಲು ಕಮ್ಮಿಯೆಂದರೂ ಐವತ್ತು ಬೇಕು. ಪಟ್ಟಿಯ ಮೂಲಕ ಊರೂರಿಗೆ ಹೇಳಿ ಕಳಿಸಿದ. ಬೆಂಗಳೂರಿನ ಗುಜರಿಯವನೊಬ್ಬ ಎರಡು ಪೆಟ್ಟಿಗೆ ಕೀಬೋರ್ಡು ಕಳಿಸಿದ. ಬಿಚ್ಚಿದರೆ ಎಲ್ಲದರೊಳಗೂ ಸ್ವಿಚ್ಚಿನ ಬದಲು ರಬ್ಬರಿನ ಹಾಳೆ, ಒತ್ತಿದರೆ ಹಳಸಿದ ಇಡ್ಲಿ ಒತ್ತಿದ ಹಾಗೆ. ಮುಂಡರಗಿಯಲ್ಲಿ ಮುಚ್ಚಿದ ಪ್ರೆಸ್ಸೊಂದರ ಮಾಲೀಕರು ದೇವರ ಜಗಲಿಯ ಮೇಲಿಂದ ತಮ್ಮ ಕೀಬೋರ್ಡು ಇಳಿಸಿ ಕೊಟ್ಟರು. ಮಾದರಿ ಅದೇ. ಟೊಪ್ಪಿಗೆ ಎಬ್ಬಿಸಿದರೆ ಕೆಂಪು. ಬಾಗಲಕೋಟೆಯಲ್ಲೂ ಕೆಂಪು. ಹಾವೇರಿಯಲ್ಲಿ ಅದು ದೇವರಕೋಣೆಯಲ್ಲೇ ಇತ್ತು, ಮೇಲೊಂದು ದಾಸವಾಳ.

"ನಮ್ಮ ಮಾವನವರ ಅನ್ನ ಇದರಾಗ ಐತ್ರಿ. ದಿನಾ ಪೂಜಿ ತಪ್ಪಿಸೂದಿಲ್ಲ" ಎಂದು ಆ ಮನೆಯ ಸೊಸೆ ಹೆಮ್ಮೆಯಿಂದ ಹೇಳಿದಳು.

"ಚಲೋ ಮಾಡೀರವಾ" ಎಂದು ಮಾನಪ್ಪ ಅದಕ್ಕೆ ಕೈಮುಗಿದು ಬಂದ. ಮತ್ತೇನು ಹೇಳುತ್ತಾನೆ? ನಾಡಿನಲ್ಲಿ ಎಲ್ಲರೂ ಅವನಂಥವರೇ ಆಗಿದ್ದರು.

ಹದಿನೈದು ದಿನ ಎಂದದ್ದು ತಿಂಗಳಾಯಿತು, ಮೂರು ತಿಂಗಳಾಯಿತು. ಮೊದಮೊದಲು ಕಮಲಾಕ್ಷಿ ಊಟದ ಮೇಜಿನ ಅಂಚಿನ ಮೇಲೆ ಬೆರಳು ಬಡಿಯುತ್ತಿದ್ದಳು. ಅವನು ಆ ಬೆರಳುಗಳನ್ನೇ ನೋಡುತ್ತ ಏನು ಹೇಳುತ್ತಿರಬಹುದೆಂದು ಊಹಿಸಿ, "ಹೂಂ, ನಾಳೆ ಗ್ಯಾರಂಟಿ" ಎನ್ನುತ್ತಿದ್ದ. ಸಿಟ್ಟು ಬಂದರೆ ಅವಳು ಮೇಜನ್ನು ಅಂಗೈಯಿಂದ ಹೊಡೆಯುತ್ತಿದ್ದಳು. ಶ್ರಾವಣ ಮುಗಿಯುವ ಹೊತ್ತಿಗೆ ಹೊಡೆಯುವುದು ನಿಂತಿತು. ಭಾದ್ರಪದದಲ್ಲಿ ಕೈಗಳು ಮಡಿಲಲ್ಲೇ ಉಳಿದವು. ಉಪ್ಪಿನ ಚಹಾ ಕೊಟ್ಟರೂ ಸುಮ್ಮನೆ ಕುಡಿದಳು. ಮಾನಪ್ಪ ಅದನ್ನು ನೋಡಿದ, ಬೇಸರ ಬಂದಿರಬೇಕು ಎಂದುಕೊಂಡ. ನಿಜವಾಗಿ ಅಂದುಕೊಳ್ಳಬೇಕಾದದ್ದನ್ನು ಅಂದುಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ.

ಆ ವರ್ಷದ ಖಂಡೆ ಪೂಜೆಗೆ ಅವನು ಹತಾರಗಳನ್ನು ಒರೆಸಿಟ್ಟನಷ್ಟೆ, ಯಾವುದಕ್ಕೂ ಕುಂಕುಮ ಹಚ್ಚಲಿಲ್ಲ. ಬೋಳು ಹತಾರಗಳ ಮುಂದೆ ಕುಳಿತಾಗ ತಟ್ಟನೆ ತಲೆಗೆ ಹೊಳೆಯಿತು. ಪೂಜೆ ಮಾಡಿದ ಮನೆಗಳಿಗೇ ತಾನು ಅಲೆದದ್ದು. ಖಂಡೆ ಪೂಜೆ ಇಲ್ಲದವರ ಮನೆಯಲ್ಲೂ ಕಂಪೋಸಿಂಗ್ ಮಾಡಿದವರು ಇದ್ದಾರಲ್ಲ? ಇಷ್ಟು ಸರಳ ಮಾತು ಹೊಳೆಯಲು ಐದು ತಿಂಗಳು ಬೇಕಾಯಿತೇ ಎಂದು ಹಣೆ ಹಣೆ ಬಡಿದುಕೊಂಡ.

ಹತ್ತು ದಿನದೊಳಗೆ ಸವಣೂರಿನಿಂದ ಉತ್ತರ ಬಂತು. ಖೈರುನ್ನಿಸಾ ಎಂಬ ಶಾಲೆಯ ಶಿಕ್ಷಕಿ. ಆಕೆಯ ತಂದೆ ಒಂದು ಕಾಲದಲ್ಲಿ ಅಲ್ಲಿ ಕನ್ನಡ, ಉರ್ದು ಎರಡರಲ್ಲೂ ಮದುವೆ ಕಾರ್ಡು ಮಾಡಿಕೊಡುತ್ತಿದ್ದರಂತೆ. ಮಾನಪ್ಪ ಹೋದಾಗ ಆಕೆ ದಿಂಬಿನ ಚೀಲದಲ್ಲಿ ಸುತ್ತಿದ ಕೀಬೋರ್ಡನ್ನು ತಂದು ಮಂಚದ ಮೇಲಿಟ್ಟಳು. ಅವನು ಒಂದು ಟೊಪ್ಪಿಗೆ ಎಬ್ಬಿಸಿದ. ಒಳಗೆ ತಾಮ್ರ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಒತ್ತಿದ. ಟಕ್.

"ನಮ್ಮ ಅಬ್ಬಾ ಇದನ್ನ ಯಾರಿಗೂ ಮುಟ್ಟಾಕ ಬಿಡತಿರಲಿಲ್ರಿ ಕಾಕಾ" ಎಂದಳು ಖೈರುನ್ನಿಸಾ. "ಕೆಲಸ ಮುಗದ ಮ್ಯಾಲೆ ದಿನಾ ಮೆತ್ತನ ಅರಿವಿಲೆ ಒರಸೋರು. ಅಷ್ಟ."

"ಒರಸಿದ್ರ ಸಾಕಾಗಿತ್ತವ್ವಾ" ಎಂದ ಮಾನಪ್ಪ.

"ಮಾತು ಬರಲಿ ಅಂತ ಒಯ್ಯಾಕತ್ತೀರಿ. ಅದಕ್ಕಿಂತ ಚಲೋ ಕೆಲಸ ಇದಕ್ಕ ಏನೈತಿ, ತಗೊಂಡ ಹೋಗ್ರಿ" ಎಂದು ಆಕೆ ದಿಂಬಿನ ಚೀಲದ ಸಮೇತ ಕೊಟ್ಟಳು.

ಎರಡು ದಿನ ಅವನು ಅಂಗಡಿ ಬಾಗಿಲು ಹಾಕಿ ಬೆಸೆದ. ಕಮಲಾಕ್ಷಿಯ ಬೆರಳು ಸವೆಸಿದ ಅವೇ ಟೊಪ್ಪಿಗೆಗಳು, ಅವಳದೇ ಚೌಕಟ್ಟು, ಒಳಗೆ ಸವಣೂರಿನ ಸ್ವಿಚ್ಚುಗಳು. ನೂರಾ ನಾಲ್ಕೂ ಕೀಗಳನ್ನು ಹತ್ತು ಹತ್ತು ಸಲ ಒತ್ತಿ ನೋಡಿದ. ಒಂದೂ ತಪ್ಪಲಿಲ್ಲ. ಅವನ ಜೀವಮಾನದಲ್ಲಿ ಅಂಥ ಕೆಲಸ ಮಾಡಿರಲಿಲ್ಲ. ಕಾರ್ತಿಕಕ್ಕೆ ಇನ್ನೂ ಎಂಟು ದಿನ ಇತ್ತು.

ಮನೆಗೆ ತಂದು ಮೇಜಿನ ಮೇಲಿಟ್ಟು, ಅವಳ ಕೈಗಳನ್ನು ಎತ್ತಿ ಅದರ ಮೇಲಿರಿಸಿದ. ಕಮಲಾಕ್ಷಿ ಒಂದೆರಡು ಕೀ ಸವರಿದಳು. ಆಮೇಲೆ ಬೆನ್ನು ನೆಟ್ಟಗಾಯಿತು. ಬೆರಳುಗಳು ಹೊರಟವು, ಪ್ರೆಸ್ಸಿನ ದಿನಗಳಂತೆ, ಕೇಳಿದರೆ ಕಾಳು ಸುರಿದ ಸದ್ದು. ಮಾನಪ್ಪ ಪರದೆಯತ್ತ ತಿರುಗಿದ.

"ಸನ್ಮಾನ್ಯರೇ, ಕುಲದೇವತೆಯ ಕೃಪೆಯಿಂದಲೂ ಗುರುಹಿರಿಯರ ಆಶೀರ್ವಾದದಿಂದಲೂ ನಮ್ಮಲ್ಲಿ ವಿವಾಹ ಮಹೋತ್ಸವವು ಜರುಗಲಿರುವುದರಿಂದ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ..."

ಮಾನಪ್ಪ ನಕ್ಕುಬಿಟ್ಟ. ಕೈ ಸಡಿಲ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡ. "ಸಾಕು, ಲಗ್ನ ಆಮ್ಯಾಲೆ ಮಾಡೂಣು. ಮೊದಲ ನನ್ನ ಬೈ. ಆರು ತಿಂಗಳದ್ದು ಬಾಕಿ ಐತಿ."

"ತಮ್ಮ ಆಗಮನಾಭಿಲಾಷಿಗಳು" ಎಂದು ಬಡಿದಳು ಕಮಲಾಕ್ಷಿ.

"ಕಮಲಾ, ಚಾ ಮಾಡಲೇನು?"

"ಆಶೀರ್ವಾದವೇ ಉಡುಗೊರೆ."

ಅವಳು ತನ್ನ ಜನ್ಮದಲ್ಲಿ ಅವನೊಡನೆ ಅಚ್ಚಿನ ಭಾಷೆಯಲ್ಲಿ ಮಾತಾಡಿದವಳಲ್ಲ. ಸಂಜೆಯವರೆಗೆ ಕೇಳಿದ. ಹೆಸರು ಹಿಡಿದು ಕರೆದ, ಬೇಡಿಕೊಂಡ, ಕೊನೆಗೆ ಗದರಿದ. ಪರದೆಯ ಮೇಲೆ ಸಾಲಾಗಿ ಲಗ್ನಪತ್ರಿಕೆ, ಗೃಹಪ್ರವೇಶ, ತೊಟ್ಟಿಲು, ಶಿವಗಣಾರಾಧನೆ ಬರುತ್ತಲೇ ಹೋದವು. ಒಂದರಲ್ಲೂ ಕಮಲಾಕ್ಷಿ ಇರಲಿಲ್ಲ.

ಪ್ರಯೋಗಾಲಯದಲ್ಲಿ ಡಾಕ್ಟರ್ ಪರಿಮಳಾ ಟೊಪ್ಪಿಗೆ ಹಾಕಿ ಬಹಳ ಹೊತ್ತು ನೋಡಿದರು. ಪರದೆಯ ಮೇಲೆ ಹಿಂದೆ ಹೊಳೆಯುತ್ತಿದ್ದ ಒಂದು ಗೆರೆ ಈಗ ಕಪ್ಪಾಗಿತ್ತು. ಅದರ ಪಕ್ಕದ ಇನ್ನೊಂದು ಗೆರೆ ಮಾತ್ರ ಉರಿಯುತ್ತಿತ್ತು.

"ಇದು ಕಿವಿಯಿಂದ ಸೀದಾ ಬೆರಳಿಗೆ ಹೋಗೋದು. ರೂಢಿಯ ದಾರಿ. ಕಂಪೋಸಿಂಗ್ ಮಾಡೋರು ಹೇಳಿದ್ದನ್ನ, ಓದಿದ್ದನ್ನ ಹಂಗ ಇಳಸ್ತಾರ. ನಡುವ ಅರ್ಥಕ್ಕ ಹೋಗಿ ಬರೋ ಕೆಲಸ ಇಲ್ಲ" ಎಂದರು.

"ಅರ್ಥ ಓದಿದ್ರ ತಪ್ಪು ಬೀಳತಾವು ಅಂತ ಆಕೀನ ಹೇಳತಿದ್ಲು" ಎಂದ ಮಾನಪ್ಪ. "ಮತ್ತ ಆ ಇನ್ನೊಂದು ದಾರಿ?"

"ಮುಚ್ಚೇದ."

"ಯಾವಾಗ್ರಿ?"

ಡಾಕ್ಟರು ಅವನ ಮುಖ ನೋಡದೆ ಹೇಳಿದರು, "ಎರಡು ತಿಂಗಳಾಗಿರಬೇಕು. ಬಳಸದ ದಾರಿ ಅದು."

ಮಾನಪ್ಪ ತನ್ನ ಕೈಗಳನ್ನು ನೋಡಿಕೊಂಡ. ಎರಡು ತಿಂಗಳ ಹಿಂದೆ ಆ ಕೈಗಳು ಹಾವೇರಿಯಲ್ಲಿ ದಾಸವಾಳ ಪಕ್ಕಕ್ಕೆ ಸರಿಸುತ್ತಿದ್ದವು. ಅಂಗಡಿಯಲ್ಲಿ ಇಪ್ಪತ್ತೆರಡು ಒಳ್ಳೆಯ ಸ್ವಿಚ್ಚು ಡಬ್ಬಿಯೊಳಗೆ ಸುಮ್ಮನೆ ಬಿದ್ದಿದ್ದವು. ಬಂದಷ್ಟು ಬರಲಿ ಎಂದು ಅವಳು ಹೇಳಿದ್ದಳು. ಅವಳು ಹೇಳಿದ ಕೊನೆಯ ಮಾತು ಅದೇ, ಅದನ್ನೂ ಅವನು ಕೇಳಿರಲಿಲ್ಲ.

"ಆಕಿ ಒಳಗ ಅದಾಳೋ ಇಲ್ಲೋ, ಅಷ್ಟರ ಹೇಳ್ರಿ."

"ಅದನ್ನ ಹೇಳೋ ಯಂತ್ರ ನನ್ನ ಹತ್ರ ಇಲ್ಲ ಮಾನಪ್ಪನವರ" ಎಂದರು ಡಾಕ್ಟರು. ಟೊಪ್ಪಿಗೆಯ ತಂತಿ ಸುತ್ತಿಡುತ್ತ, "ಮಂಡಳಿಯವರು ಕೇಳದ ಹೊರತು ನಾ ಏನೂ ಬರೆಯೋದಿಲ್ಲ" ಎಂದೂ ಸೇರಿಸಿದರು.

ಕಾರ್ತಿಕದ ಸೋಮವಾರ ಮಂಡಳಿಯ ಮುಂದೆ ಕಮಲಾಕ್ಷಿ ಇಳಕಲ್ ಸೀರೆ ಉಟ್ಟು ಕುಳಿತಳು. ಮಾನಪ್ಪನನ್ನು ಹತ್ತು ಹೆಜ್ಜೆ ದೂರದ ಬೆಂಚಿನಲ್ಲಿ ಕೂರಿಸಿದರು. ಎದುರಿಗೆ ಮೂವರು ಸದಸ್ಯರು, ನಡುವೆ ಅಧ್ಯಕ್ಷರಾದ ಶೀಲವಂತರ ಎಂಬವರು. ಯಾರಾದರೂ ಹೊರಗಿನಿಂದ ಹೇಳಿಕೊಡುತ್ತಿದ್ದಾರೆಯೇ ಎಂದು ನೋಡುವ ಯಂತ್ರವೊಂದು ಪಕ್ಕದಲ್ಲಿ ಹಸಿರು ದೀಪ ಹಚ್ಚಿಕೊಂಡು ನಿಂತಿತ್ತು. ಆ ಹಳೆಯ ಕೀಬೋರ್ಡು ನೋಡಿ ಸದಸ್ಯರಿಗೆಲ್ಲ ಮೋಜೆನಿಸಿತು.

"ತಾಯಿ, ನೀವು ಯಾವ ಊರಿನವರು? ಯಾರ ಮನೆತನ?" ಎಂದು ಅಧ್ಯಕ್ಷರು ಕೇಳಿದರು.

ಟಕಟಕ ಸದ್ದಾಯಿತು. ಪತ್ರಿಕೆಯ ಕೊನೆಯ ಸಾಲು ಬಂತು: "ಪತ್ತಾರ ಬಂಧುಗಳು, ಬೆಟಗೇರಿ."

"ಸರಿ. ಅಲ್ಲಿ ಬೆಂಚಿನ ಮ್ಯಾಲೆ ಕುಂತವರು ನಿಮಗ ಯಾರು?"

"ತಮ್ಮ ಸುಖಾಗಮನವನ್ನು ಬಯಸುವವರು."

ಸದಸ್ಯರಲ್ಲೊಬ್ಬಳು ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಎಷ್ಟು ಚಂದ ಹೇಳಿದ್ರು ನೋಡ್ರಿ" ಎಂದು ಪಕ್ಕದವರಿಗೆ ಹೇಳಿದಳು. ಮಾನಪ್ಪ ನೆಲ ನೋಡುತ್ತಿದ್ದ.

"ಕೊನೀ ಪ್ರಶ್ನೆ. ನಿಮಗ ಎಲ್ಲಿ ಇರಬೇಕು ಅನಸತೈತಿ?"

ಬ್ಯಾಡ, ಈಗ ತೊಟ್ಟಿಲ ಕಾರ್ಯಕ್ರಮ ಬರೆಯಬ್ಯಾಡ ಎಂದು ಮಾನಪ್ಪ ಮನಸ್ಸಿನಲ್ಲೇ ಕಾಳಿಕಾದೇವಿಗೆ ಹರಕೆ ಹೊತ್ತ. ಬೆರಳುಗಳು ಅರೆಗಳಿಗೆ ನಿಂತು ಹೊರಟವು.

"ಸ್ಥಳ: ವರನ ಸ್ವಗೃಹ."

ಮೂವರೂ ನಕ್ಕರು. ಒಳ್ಳೆಯ ನಗೆ, ಕುಹಕದ್ದಲ್ಲ. "ಗಂಡನ ಮನಿಯಾಗ ಅಂತ ಹೇಳಾಕ ಎಂಥಾ ಮಾತು ಹುಡಿಕ್ಯಾರ. ನಮ್ಮ ಪಟ್ಟಿ ಕಟ್ಟಿಕೊಂಡವರಿಗೂ ಇಷ್ಟು ಅರಿವಿಲ್ಲ" ಎಂದು ಅಧ್ಯಕ್ಷರು ಸಹಿ ಮಾಡಿದರು. ಹಸಿರು ದೀಪ ಹಸಿರಾಗಿಯೇ ಇತ್ತು. ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ.

ಎದ್ದು ನಿಂತು ಖರೇ ಹೇಳಬೇಕೆಂದು ಮಾನಪ್ಪನಿಗೆ ಅನಿಸದೇ ಇರಲಿಲ್ಲ. ಹೇಳಿದರೆ ಅವಳನ್ನು ಒಯ್ಯುತ್ತಾರೆ. ಹೇಳದಿದ್ದರೆ ಅವಳು ಮನೆಯಲ್ಲಿರುತ್ತಾಳೆ, ಹಾಗೆಂದು ಕಾಗದದಲ್ಲಿರುತ್ತದೆ. ಅವನು ಮೂವರಿಗೂ ಕೈಮುಗಿದು ಕಾಗದ ತೆಗೆದುಕೊಂಡ.

ಮರುದಿನ ಮುಂಜಾನೆ ಉಪ್ಪಿಟ್ಟು ತಿಂದಾದ ಮೇಲೆ ಕಮಲಾಕ್ಷಿ ತಾನೇ ಎದ್ದು ಹೋಗಿ ಕೀಬೋರ್ಡಿನ ಮುಂದೆ ಕುಳಿತಳು. ಲಗ್ನಪತ್ರಿಕೆಯೊಂದು ಶುರುವಾಯಿತು. ದೇವರ ಹೆಸರು ಬಂತು, ಸನ್ಮಾನ್ಯರು ಬಂದರು. ವಧೂವರರ ಹೆಸರಿನ ಜಾಗಕ್ಕೆ ಬಂದಾಗ ಬೆರಳುಗಳು ಕೀಗಳ ಮೇಲೆಯೇ ನಿಂತವು. ಪ್ರೆಸ್ಸಿನಲ್ಲಿ ಗಿರಾಕಿಗಳು ಬೆಂಚಿನ ಮೇಲೆ ಕುಳಿತು ಹೆಸರು ಹೇಳುತ್ತಿದ್ದರು, ಅವಳು ಇಳಿಸುತ್ತಿದ್ದಳು. ಈಗಲೂ ಅವಳು ಯಾರಾದರೂ ಹೇಳಲೆಂದು ಕಾಯುತ್ತಿದ್ದಳು.

ಮಾನಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತ. "ವರ, ಮಾನಪ್ಪ" ಎಂದ.

"ಚಿ. ರಾ. ಮಾನಪ್ಪ" ಎಂದು ಬಂತು.

ಅವನು ಅವಳ ಮುಖವನ್ನೇ ನೋಡುತ್ತ, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ. "ವಧು, ಕಮಲಾಕ್ಷಿ."

ಅವಳು ತಡೆಯಲಿಲ್ಲ, ತಿರುಗಿ ನೋಡಲಿಲ್ಲ. "ಚಿ. ಕುಂ. ಸೌ. ಕಮಲಾಕ್ಷಿ" ಎಂದು ಬಡಿದು ಮುಂದಿನ ಸಾಲಿಗೆ ಹೋಗಿ ನಿಂತಳು. ಮಾನಪ್ಪ ತಮ್ಮ ಲಗ್ನದ ತಿಥಿ ಹೇಳಿದ, ವಾರ ಹೇಳಿದ, ಗೋಧೂಳಿ ಮುಹೂರ್ತ ಎಂದ. ನಡುವೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದ. ಅವಳು ಅಷ್ಟು ಹೊತ್ತೂ ಬೆರಳೆತ್ತಿ ಕಾದಳು. ಪತ್ರಿಕೆ ಮುಗಿದ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪ್ರೂಫ್ ನೋಡಿ ಹೇಳಲೆಂದು ಗಿರಾಕಿಯನ್ನು ನೋಡುವ ಹಾಗೆ ಅವನನ್ನು ನೋಡಿದಳು.

ಮಾನಪ್ಪ ಪರದೆಯನ್ನು ಮೇಲಿಂದ ಕೆಳಗಿನವರೆಗೆ ಓದಿದ. ಒಂದು ಅಕ್ಷರವೂ ತಪ್ಪಿರಲಿಲ್ಲ.

"ಬರೋಬರಿ ಐತ್ರಿ" ಎಂದ.